ಒಂದನೇ ದರ್ಜೆಯ ಎಣ್ಣೆಗಾಯಿ

ವಿಜಯನಗರದ ನಮ್ಮ ಆರ್‌ಪಿಸಿ ಲೇಔಟಿನಲ್ಲಿ ನಾಲಗೆ ಇರುವವರು ಬಹಳ ಜನ ಇದ್ದಾರೆ. ಆದರೆ ಆ ನಾಲಗೆಗೆ ಸಮಾಜದ ಕಡೆಗೆ ಒಂದು ಜವಾಬ್ದಾರಿ ಇದೆ ಎಂದು ತಿಳಿದುಕೊಂಡವರು ಕಾಂತರಾಜು ಒಬ್ಬರೇ. ನಾನು ಅವರ ಎದುರು ಮನೆಯ ಸಂಪತ್. ಅವರು ಕುಡಿಯುವ ಬೈಟು ಕಾಫಿಯ ಇನ್ನೊಂದು ಲೋಟ ನನ್ನದು. ಹೀಗಾಗಿ ನಡೆದದ್ದನ್ನೆಲ್ಲ ಹತ್ತಿರದಿಂದ ಕಂಡವನು ನಾನು. ತಡೆಯಬಹುದಿತ್ತಲ್ಲ ಎಂದು ಅವರ ಹೆಂಡತಿ ಲಕ್ಷ್ಮಿದೇವಮ್ಮ ಈಗಲೂ ನನ್ನನ್ನೇ ಬೈಯುತ್ತಾರೆ.

ಕಾಂತರಾಜು ಕೆಲಸದಿಂದ ನಿವೃತ್ತರಾದ ವಾರವೇ ಮಗಳು ರಮ್ಯಶ್ರೀ ಅವರಿಗೊಂದು ಹೊಸ ಫೋನು ಕೊಡಿಸಿದಳು. ಹೋಟೆಲು, ಬೇಕರಿಗಳ ಬಗ್ಗೆ ಮ್ಯಾಪಿನಲ್ಲಿ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು, ಸ್ಟಾರ್ ಕೊಡಬಹುದು ಎಂದು ತೋರಿಸಿ ಆಫೀಸಿಗೆ ಹೋದಳು. ಅಪ್ಪ ಸುಮ್ಮನಿರುತ್ತಾರಲ್ಲ ಎಂಬ ಆಸೆ ಅವಳಿಗೆ. ಕಾಂತರಾಜು ಅಂದೇ ಸಂಜೆ 'ಷಡ್ರಸಪ್ರಿಯ' ಎಂದು ನಾಮಕರಣ ಮಾಡಿಕೊಂಡರು. ಜೇಬಿನಲ್ಲಿ ಮನೆಯ ಸ್ಟೀಲ್ ಚಮಚ, ಕೈಯಲ್ಲಿ ಹಳೇ ಡೈರಿ, ಗುರುತು ಸಿಗಬಾರದೆಂದು ತಲೆಗೆ ಮಂಕಿ ಟೋಪಿ. ಏಪ್ರಿಲ್ ತಿಂಗಳಲ್ಲಿ ಮಂಕಿ ಟೋಪಿ ಹಾಕಿದವರನ್ನು ವಿಜಯನಗರದಲ್ಲಿ ಯಾರು ತಾನೆ ಗುರುತು ಹಿಡಿಯುವುದಿಲ್ಲ!

ಪರೀಕ್ಷೆ ಮಾತ್ರ ಬಲು ಕಟ್ಟುನಿಟ್ಟು. ಬೇಕರಿಯಲ್ಲಿ ಖಾರ ಬನ್ನನ್ನು ಹೆಬ್ಬೆರಳಿನಿಂದ ಒತ್ತಬೇಕು, ಅದು ತಾನಾಗಿ ಮೇಲೇಳಬೇಕು. ಬೆಣ್ಣೆ ಬಿಸ್ಕತ್ತು ಬಾಯಲ್ಲಿ ಕರಗಬೇಕೇ ಹೊರತು ಕೈಯಲ್ಲಿ ಪುಡಿಯಾಗಬಾರದು. ದರ್ಶಿನಿಗೆ ಹೋದರೆ ಇಡ್ಲಿ ಮುಟ್ಟುವ ಮೊದಲು ಕೈ ತೊಳೆಯುವ ಜಾಗ ನೋಡಿ ಬರಬೇಕು. ಎರಡನೇ ಸಲ ಚಟ್ನಿ ಕೇಳಿದಾಗ ಬಡಿಸುವವನ ಮುಖ ಹೇಗಾಗುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ರಾಜಾಜಿನಗರದಿಂದ ಕೆಂಗೇರಿವರೆಗೆ ಎಂಟು ತಿಂಗಳಲ್ಲಿ ನೂರಾ ಹನ್ನೆರಡು ಕಡೆ ಅವರು ತಿಂದರು, ನಾನೂ ಜೊತೆಗೆ ತಿಂದೆ. ಅವರು ಬರೆದದ್ದನ್ನೆಲ್ಲ ನನಗೆ ಕಳಿಸುತ್ತಿದ್ದರು. ನಾನು ಓದದೆ ಹೆಬ್ಬೆಟ್ಟಿನ ಗುರುತು ಒತ್ತುತ್ತಿದ್ದೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಒಪ್ಪಿಕೊಳ್ಳುತ್ತೇನೆ.

ಇಲ್ಲೊಂದು ವಿಷಯ ಹೇಳಿಬಿಡಬೇಕು. ನಮಗೆ ಇದು ಗೊತ್ತಾದದ್ದು ಎಲ್ಲ ಕೆಟ್ಟ ಮೇಲೆ, ಓದುವವರಿಗೆ ಮೊದಲೇ ಗೊತ್ತಿರಲಿ. ಕಾಂತರಾಜು ಮೂವತ್ತೊಂದು ವರ್ಷ ಮಾಗಡಿ ರಸ್ತೆಯ ಕಾರ್ಖಾನೆಯೊಂದರ ಉಗ್ರಾಣದಲ್ಲಿದ್ದವರು. ಬಂದ ಮಾಲನ್ನು ನೋಡಿ ಅದರ ಮೇಲೆ ಸೀಮೆಸುಣ್ಣದಲ್ಲಿ ದರ್ಜೆ ಬರೆಯುವುದು ಅವರ ಕೆಲಸ. ಅಪ್ಪಟ ಮಾಲಿಗೆ ಒಂದು. ಸ್ವಲ್ಪ ಸೊಟ್ಟಗಿದ್ದರೆ ಎರಡು. ಐದು ಬರೆದರೆ ಅದು ಹಿಂದಿನ ಗೇಟಿನಿಂದ ನೇರ ಗುಜರಿಗೆ. ಆ ಕೈ ಫೋನಿನಲ್ಲಿ ಐದು ಸ್ಟಾರ್ ಕಂಡಾಗ ಏನು ಮಾಡಬೇಕೋ ಅದನ್ನೇ ಮಾಡಿತು. ಮೆಚ್ಚಿದ ಕಡೆಗೆಲ್ಲ ಒಂದು ಸ್ಟಾರ್ ಕೊಟ್ಟಿತು, ಹೊಟ್ಟೆ ಕೆಡಿಸಿದ ಕಡೆಗೆಲ್ಲ ಐದು ಕೊಟ್ಟಿತು. ಸ್ಟಾರಿನ ಲೆಕ್ಕ ನನಗೂ ಗೊತ್ತಿರಲಿಲ್ಲ, ಅವರು ಏನೆಂದರೂ ತಲೆಯಾಡಿಸುತ್ತಿದ್ದೆ.

ಮೊದಲ ಒಂದು ಸ್ಟಾರ್ ಸಿಕ್ಕಿದ್ದು ನಮ್ಮ ಬೀದಿ ತುದಿಯ ಚಿಕ್ಕಣ್ಣನ ಬೇಕರಿಗೆ. ನಲವತ್ತು ವರ್ಷದ ಬೇಕರಿ, ಸೌದೆ ಒಲೆ, ಸಂಜೆ ನಾಲ್ಕಕ್ಕೆ ದಿಲ್‌ಪಸಂದ್ ಹೊರಬಂದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಮರುವಾರ ನಾವು ಹೋದಾಗ ಚಿಕ್ಕಣ್ಣ ಬನ್ನಿಗೆ ಪೇಪರ್ ಸುತ್ತುತ್ತಿದ್ದ ರಭಸ ನೋಡಿದರೇ ಭಯವಾಗುತ್ತಿತ್ತು.

"ಏನ್ ಚಿಕ್ಕಣ್ಣ, ಮ್ಯಾಪಲ್ಲಿ ಒಂದು ಬಂತಂತೆ?" ಎಂದರು ಕಾಂತರಾಜು, ನಗು ತಡೆದುಕೊಂಡು.

"ಬಂತಲ್ಲ ಸಾರ್. ಯಾವನೋ ಷಡ್ರಸಪ್ರಿಯ ಅಂತೆ. ಸಿಗ್ಲಿ ಒಂದಿನ. ಇದೇ ಒಲೆ ಮುಂದೆ ಕೂರಿಸಿ ವಿಚಾರಿಸ್ಕೊತೀನಿ."

ಹೊರಗೆ ಬಂದ ಮೇಲೆ ಕಾಂತರಾಜು ನನ್ನ ಭುಜ ಹಿಡಿದರು. "ನೋಡ್ದ್ಯಾ ಸಂಪತ್? ಕೂರಿಸಿ ಉಪಚಾರ ಮಾಡ್ತಾನಂತೆ. ಎಂಥ ಕೃತಜ್ಞತೆ ಅವನದು! ಆದ್ರೂ ನಾನು ಮರೇಲೇ ಇರ್ಬೇಕು ಕಣೋ. ಹೆಸರಿಗೆ ಆಸೆಪಟ್ರೆ ಕೆಲಸ ಕೆಡುತ್ತೆ."

ಅವರು ಹೀಗೆ ಮರೆಯಲ್ಲೇ ಇದ್ದಿದ್ದರೆ ಬನ್ನು ಬಿಸ್ಕತ್ತಿನಲ್ಲಿ ಕತೆ ಮುಗಿಯುತ್ತಿತ್ತು. ಆದರೆ ಹೆಗ್ಗನಹಳ್ಳಿಯಲ್ಲಿ ಪಾರವ್ವನ ಖಾನಾವಳಿ ಕಣ್ಣಿಗೆ ಬಿತ್ತು.

ನೀಲಿ ಶೀಟಿನ ಕೆಳಗೆ ನಾಲ್ಕು ಟೇಬಲ್ಲು. ಒಳಗೆ ಪಾರವ್ವ ರೊಟ್ಟಿ ಬಡಿಯುತ್ತಾಳೆ, ಗಂಡ ದ್ಯಾಮಪ್ಪ ಬಡಿಸುತ್ತಾನೆ. ಗದಗದ ಕಡೆಯವರು, ಬಂದು ಆರು ವರ್ಷ. ಮೊದಲ ದಿನ ಕಾಂತರಾಜು ಅಲ್ಲಿ ಎಣ್ಣೆಗಾಯಿ ಜೊತೆ ಐದು ರೊಟ್ಟಿ ತಿಂದು, ಡೈರಿ ತೆಗೆಯುವುದನ್ನೇ ಮರೆತರು. ಆಮೇಲೆ ವಾರಕ್ಕೆ ಮೂರು ದಿನ ಹೋಗತೊಡಗಿದೆವು. ಮನೆಯವರ ಲೆಕ್ಕದಲ್ಲಿ ನಾವು ಲೈಬ್ರರಿಗೆ ಹೋಗುತ್ತಿದ್ದೆವು.

ಒಂದು ದಿನ ದ್ಯಾಮಪ್ಪ ನೀರಿನ ಜಗ್ಗು ಇಟ್ಟು ಅಲ್ಲೇ ನಿಂತ. "ಅಣ್ಣಾರ, ನಿಮಗ ಫೋನಿಂದು ಗೊತ್ತೈತೇನ್ರಿ? ಇಲ್ಲೇ ಬಾಜೂಕ ಗಾರ್ಮೆಂಟ್ ಫ್ಯಾಕ್ಟ್ರಿ ಐತ್ರಿ. ದಿನಾ ಇನ್ನೂರು ಊಟ ಬೇಕಂತ. ಮೇಡಂನೋರು ಬಂದು ಕೇಳಿ ಹೋದ್ರು. ಆದ್ರ ಫೋನಿನ್ಯಾಗ ಅದೇನೋ ನಂಬರ ನೋಡಿ ಆಮ್ಯಾಲ ಹೇಳ್ತಾರಂತ. ಇನ್ನೊಂದು ತಿಂಗಳಿಗೆ, ಶನಿವಾರ."

ಒಳಗಿನಿಂದ ಪಾರವ್ವ ರೊಟ್ಟಿ ತಿರುವುತ್ತಲೇ ಹೇಳಿದಳು. "ನಮ್ಮ ತಂಗಿ ಭಾಗವ್ವನ್ನ ಊರಿಂದ ಕರ್ಸೇವ್ರಿ. ಗಂಡ ಹೋದ ಮ್ಯಾಲ ಒಬ್ಬಾಕೇ ಅದಾಳ. ಈ ಆರ್ಡರ್ ಬಂದ್ರ ಆಕೀಗೂ ಇಲ್ಲೇ ಒಂದು ನೆಲಿ ಆಗ್ತೈತಿ. ಇಲ್ಲಾಂದ್ರ ತಿರುಗಿ ಬಸ್ ಹತ್ತಸೂದು."

ಮೂಲೆಯಲ್ಲಿ ಹಿಟ್ಟು ನಾದುತ್ತಿದ್ದ ಭಾಗವ್ವ ತಲೆ ಎತ್ತಲಿಲ್ಲ. ಕಾಂತರಾಜು ಅವಳನ್ನೂ ನೋಡಿದರು, ಫೋನನ್ನೂ ನೋಡಿದರು. ಖಾನಾವಳಿಗೆ ಹನ್ನೆರಡು ಜನ ಸ್ಟಾರ್ ಕೊಟ್ಟಿದ್ದರು. ಸರಾಸರಿ ನಾಲ್ಕು ಪಾಯಿಂಟ್ ಆರು.

"ನಾಲ್ಕೂವರೆ ಮೇಲಾ?" ಕಾಂತರಾಜು ಎದ್ದು ನಿಂತರು. "ಈ ಊಟಕ್ಕೆ ನಾಲ್ಕೂವರೆ ಮೇಲೆ ಕೊಟ್ಟಿದಾರಲ್ಲ, ಈ ಜನರ ಬಾಯಿಗೆ ಏನಾಗಿದೆ? ದ್ಯಾಮಪ್ಪ, ನೀವು ತಲೆ ಕೆಡಿಸ್ಕೊಬೇಡಿ. ಇದನ್ನ ಒಂದಕ್ಕೆ ತಂದು ನಿಲ್ಲಿಸೋ ಜವಾಬ್ದಾರಿ ನಂದು."

ದ್ಯಾಮಪ್ಪ ಕೈ ಮುಗಿದ. ಓದಿದವರು, ಸರ್ಕಾರಿ ಭಾಷೆಯಲ್ಲಿ ಮಾತಾಡುವವರು ಜವಾಬ್ದಾರಿ ಎಂದ ಮೇಲೆ ಇನ್ನೇನು ಬೇಕು. ಆ ರಾತ್ರಿ ಕಾಂತರಾಜು ಎರಡು ಪುಟ ಬರೆದು, ಒಂದು ಸ್ಟಾರ್ ಒತ್ತಿದರು. ಬೆಳಿಗ್ಗೆ ನಾಲ್ಕು ಪಾಯಿಂಟ್ ಮೂರಾಗಿತ್ತು. "ಒಬ್ಬನೇ ಇಷ್ಟು ಇಳಿಸಿದೀನಿ ಅಂದ್ರೆ," ಎಂದರು ನನಗೆ, "ಸಂಘಟನೆ ಮಾಡಿದ್ರೆ ಏನಾಗ್ಬಹುದು ಯೋಚ್ನೆ ಮಾಡು."

ಸಂಘಟನೆ ಆಯಿತು. ಪಾರ್ಕಿನಲ್ಲಿ ವಾಕಿಂಗ್ ಬರುವ ಹದಿನೇಳು ಹಿರಿಯರು, ಲಕ್ಷ್ಮಿದೇವಮ್ಮನ ಭಜನಾ ಮಂಡಳಿಯ ಒಂಬತ್ತು ಜನ. ಕಾಂತರಾಜು ಬೆಂಚಿನ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದರು. "ನಿಮ್ ಫೋನ್ ಕೊಡಿ ಇಲ್ಲಿ. ಒಂದು ಬಡ ಸಂಸಾರಕ್ಕೆ ಒಳ್ಳೇದಾಗುತ್ತೆ." ಎಲ್ಲರೂ ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರು. ಫೋನು ಕೊಟ್ಟರು, ಕಾಂತರಾಜು ಒತ್ತಿದರು, ಅವರು ಪುಣ್ಯ ಬಂತೆಂದು ಇನ್ನೊಂದು ಸುತ್ತು ನಡೆದರು. ನನ್ನ ಫೋನು ಅಂದು ಚಾರ್ಜಿಗಿತ್ತು. ಇಲ್ಲದಿದ್ದರೆ ಆ ಪಾಪದಲ್ಲೂ ನನಗೊಂದು ಪಾಲು ಇರುತ್ತಿತ್ತು.

ಹತ್ತು ದಿನ ಕಳೆದ ಮೇಲೆ ದ್ಯಾಮಪ್ಪನ ಮುಖ ಸಣ್ಣಗಾಗಿತ್ತು. "ಅಣ್ಣಾರ, ಪಾರ್ಸೆಲ್ ಒಯ್ಯೋ ಹುಡುಗರು ಹೇಳಾಕತ್ತಾರ್ರಿ. ನಂಬರ ಭಾಳ ಇಳದೈತಂತ. ಪಾರ್ಸೆಲ್ ಬರೂದೂ ಕಡಿಮಿ ಆಗೈತ್ರಿ."

"ಎಷ್ಟಕ್ಕೆ ಇಳಿದಿದೆ?"

"ಎರಡಂತ್ರಿ. ಎರಡು ಪಾಯಿಂಟ ಒಂದು."

"ಭೇಷ್!" ಕಾಂತರಾಜು ಟೇಬಲ್ ತಟ್ಟಿದರು. "ಇನ್ನೊಂದೇ ಮೆಟ್ಟಿಲು. ಇಳೀಲಿ ದ್ಯಾಮಪ್ಪ, ಚೆನ್ನಾಗಿ ಇಳೀಲಿ. ಒಳ್ಳೇದಾಗೋ ಮುಂಚೆ ವ್ಯಾಪಾರ ಹೀಗೇ ಸ್ವಲ್ಪ ತಣ್ಣಗಾಗುತ್ತೆ."

ಪಾರವ್ವ ಇನ್ನೊಂದು ರೊಟ್ಟಿ ತಂದು ಅವರ ತಟ್ಟೆಗೆ ಹಾಕಿದಳು. ಅದರ ಮೇಲೆ ಬೆಣ್ಣೆಯೂ ಇತ್ತು.

ಇತ್ತ ವಿಜಯನಗರದಲ್ಲಿ ಇನ್ನೊಂದು ಬೆಳೆ ಬೆಳೆಯುತ್ತಿತ್ತು. ಮುನಿರಾಮಯ್ಯ ಎಂಬುವವರು ಅಲ್ಲಿನ ಹಳೇ ಹಳ್ಳಿಯ ಕುಳ. ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ, ಕೆಳಗಡೆ 'ಮುನಿ ಗ್ರ್ಯಾಂಡ್' ಎಂಬ ಹೋಟೆಲು. ಅಲ್ಲಿ ದೀಪಗಳು ಬಹಳ, ಬೇಳೆ ಕಡಿಮೆ. ಕಾಂತರಾಜು ಅದರ ಬಗ್ಗೆ ಕಟುವಾಗಿ ಬರೆದು ಐದು ಸ್ಟಾರ್ ಜಡಿದಿದ್ದರು. ಒಂದು ಬೆಳಿಗ್ಗೆ ಮುನಿರಾಮಯ್ಯನ ಬಿಳಿ ಕಾರು ಬಂದು ಅವರ ಮನೆ ಮುಂದೆ ನಿಂತಿತು. ಸ್ವಂತ ಚಮಚ ತಂದು ತಿನ್ನುವ ಮನುಷ್ಯ ಯಾರೆಂದು ಅವರ ಸಪ್ಲೈಯರುಗಳು ಪತ್ತೆ ಮಾಡಿದ್ದರು.

ಕಾಂತರಾಜು ಕಿಟಕಿಯಿಂದ ನೋಡಿದವರೇ ಬಚ್ಚಲು ಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಲಕ್ಷ್ಮಿದೇವಮ್ಮ ಬಾಗಿಲು ತೆರೆದರೆ, ಹಣ್ಣಿನ ಬುಟ್ಟಿ ಹಿಡಿದ ಮುನಿರಾಮಯ್ಯ ನಗುತ್ತಾ ನಿಂತಿದ್ದರು.

"ಯಜಮಾನ್ರು ಇಲ್ವೇನಮ್ಮ? ನಮ್ ಹೋಟ್ಲಿಗೆ ಐದಕ್ಕೈದು ಕೊಟ್ಟವ್ರೆ. ಶನಿವಾರ ನಮ್ದು ಒಂದನೇ ವರ್ಷದ ಫಂಕ್ಷನ್ನು. ಪೇಟ ಇಟ್ಟು, ಶಾಲು ಹೊದ್ಸಿ ಸನ್ಮಾನ ಮಾಡ್ಬೇಕು ಅಂತ ಬಂದಿವ್ನಿ."

"ರೀ, ಹೊಡೆಯೋಕಲ್ಲ, ಸನ್ಮಾನಕ್ಕಂತೆ. ಬನ್ನಿ ಈಚೆಗೆ," ಎಂದು ಲಕ್ಷ್ಮಿದೇವಮ್ಮ ಬಚ್ಚಲ ಕಡೆಗೆ ಕೂಗಿದರು.

ಮಾರನೇ ದಿನ ವೃತ್ತದಲ್ಲಿ ಫ್ಲೆಕ್ಸು ಎದ್ದಿತು. ಕಾಂತರಾಜು ಅವರ ಭಾವಚಿತ್ರ, ಅದರ ಕೆಳಗೆ ಐದು ದೊಡ್ಡ ನಕ್ಷತ್ರ. ಅದರ ಮುಂದೆ ನಿಂತು ಅವರು ಐದೂ ನಕ್ಷತ್ರ ಎಣಿಸಿದರು. "ತನ್ನ ಹೋಟ್ಲು ಗುಜರಿ ಅಂತ ಫ್ಲೆಕ್ಸ್ ಹಾಕಿ ಒಪ್ಕೊಳೋ ಮನುಷ್ಯನ್ನ ನಾನು ನೋಡಿರ್ಲಿಲ್ಲ ಸಂಪತ್," ಎಂದರು ಕೊನೆಗೆ. "ದೊಡ್ಡ ಮನಸ್ಸು." ನಾನು ಇದೇನೋ ಒಗಟಿನಂತೆ ಮಾತಾಡುತ್ತಿದ್ದಾರೆ ಎಂದುಕೊಂಡು ತಲೆಯಾಡಿಸಿದೆ.

ಶನಿವಾರ ಹನ್ನೊಂದು ಗಂಟೆಗೆ ಶಾಮಿಯಾನದ ಕೆಳಗೆ ಇನ್ನೂರು ಜನ ಸೇರಿದ್ದರು. ಮೈಸೂರು ಪೇಟ ಕಾಂತರಾಜು ಅವರ ತಲೆಗೆ ಸ್ವಲ್ಪ ದೊಡ್ಡದಾಗಿ ಕಿವಿಯ ಮೇಲೆ ಕೂತಿತು. ಶಾಲು ಬಂತು, ಹಾರ ಬಂತು, ಮೈಕು ಕೊನೆಗೆ ಬಂತು.

"ನಾನು ಬರೆದದ್ದರಲ್ಲಿ ಒಂದಕ್ಷರವನ್ನೂ ವಾಪಸ್ ತಗೊಳಲ್ಲ," ಎಂದು ಕಾಂತರಾಜು ಶುರು ಮಾಡಿದರು. ಚಪ್ಪಾಳೆ. "ಈ ಹೋಟೆಲಿನ ಸಾಂಬಾರಿನಲ್ಲಿ ಬೇಳೆ ಹುಡುಕೋಕೆ ಪೊಲೀಸ್ ನಾಯಿ ಬೇಕು."

ಜನ ಮಾಲೀಕರ ಮುಖ ನೋಡಿದರು. ಆಮೇಲೆ ಮುನಿರಾಮಯ್ಯನವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾರ್ ತಮಾಸೆ ಮಾಡ್ತವ್ರೆ!" ಇಡೀ ಶಾಮಿಯಾನ ನಕ್ಕಿತು. ವಡೆಯನ್ನು ಬಾಗಿಲಿಗೆ ಅಡ್ಡ ಇಡಬಹುದು ಎಂದಾಗ ಇನ್ನೂ ಜೋರಾಗಿ ನಕ್ಕರು. ಕಾಂತರಾಜು ಬರೆದಿದ್ದನ್ನು ಹಾಗೆಯೇ ಹೇಳುತ್ತಾ ಹೋದರು. ಟೀಕೆಯನ್ನು ಇಷ್ಟು ಸಂತೋಷದಿಂದ ಸ್ವೀಕರಿಸುವ ಜನ ಬೇರೆಲ್ಲೂ ಇಲ್ಲವೆಂದು ಕೊನೆಗೆ ಎಲ್ಲರಿಗೂ ಕೈ ಮುಗಿದರು.

ಮುಂದಿನ ಸಾಲಿನಲ್ಲಿದ್ದ ರಮ್ಯಶ್ರೀ ಮಾತ್ರ ನಗುತ್ತಿರಲಿಲ್ಲ. ಅವಳು ಫೋನು ತೆಗೆದು, ಅಪ್ಪ ಬರೆದದ್ದನ್ನು ಮೊದಲ ಬಾರಿಗೆ ಓದುತ್ತಿದ್ದಳು. ಅಪ್ಪ ಕೆಳಗಿಳಿದು ಬಂದಾಗ ಮೆಲ್ಲಗೆ ಕೇಳಿದಳು.

"ಅಪ್ಪ, ಇಷ್ಟು ಕೆಟ್ಟದಾಗಿದ್ರೆ ಐದು ಯಾಕೆ ಕೊಟ್ರಿ?"

"ಕೆಟ್ಟದ್ದಕ್ಕೆ ಐದು ಕೊಡ್ದೆ ಒಂದು ಕೊಡ್ಲಾ?"

"ಹೂಂ. ಒಂದೇ ಕೊಡ್ಬೇಕು. ಐದು ಅಂದ್ರೆ ಎಲ್ಲಕ್ಕಿಂತ ಚೆನ್ನಾಗಿದೆ ಅಂತ. ಒಂದು ಅಂದ್ರೆ ಇಲ್ಲಿಗೆ ಬರ್ಲೇಬೇಡಿ ಅಂತ."

ಕಾಂತರಾಜು ಮಗಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಪೇಟದ ಕೆಳಗೆ ಅವರ ಮುಖ ಬೆಳ್ಳಗಾಯಿತು.

"ಪಾರವ್ವ," ಎಂದರು. ಅಷ್ಟೇ ಹೇಳಿ ಸ್ಕೂಟರಿನ ಕಡೆಗೆ ಓಡಿದರು.

ನಾನು ಹಿಂದೆ ಹತ್ತಿ ಕೂರುವಷ್ಟರಲ್ಲಿ ಗಾಡಿ ಹೊರಟಿತ್ತು. ಕೂತ ಮೇಲೆ ನಾನು ಮಾಡಿದ ಮೊದಲ ಕೆಲಸ, ಅವರ ಜೇಬಿನಿಂದ ಫೋನು ತೆಗೆದುಕೊಂಡು ಆ ಒಂದು ಸ್ಟಾರನ್ನು ಐದು ಮಾಡಿದ್ದು. ಎರಡು ಪಾಯಿಂಟ್ ಒಂದು ಇದ್ದದ್ದು ಎರಡು ಪಾಯಿಂಟ್ ಎರಡಾಯಿತು. ಉಳಿದ ಇಪ್ಪತ್ತಾರು ಫೋನುಗಳು ಇಪ್ಪತ್ತಾರು ಮನೆಗಳಲ್ಲಿ ಮಧ್ಯಾಹ್ನದ ನಿದ್ದೆಗೆ ತಯಾರಾಗುತ್ತಿದ್ದವು. ಮಾಗಡಿ ರಸ್ತೆಯಲ್ಲಿ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರು.

"ಹೆಲ್ಮೆಟ್ ಎಲ್ಲಿ ಸಾರ್?"

"ಸನ್ಮಾನ ಆಗಿದೆ," ಎಂದರು ಕಾಂತರಾಜು.

"ಯಾತಕ್ಕೆ?"

"ನನ್ನ ತಪ್ಪಿಗೆ."

ಪೊಲೀಸರು ಪೇಟವನ್ನೂ ಶಾಲನ್ನೂ ಒದ್ದೆ ಕಣ್ಣನ್ನೂ ನೋಡಿದರು. ಅವರ ರಸೀತಿ ಯಂತ್ರದಲ್ಲಿ ಇದಕ್ಕೆ ಕಾಲಂ ಇರಲಿಲ್ಲವೆಂದು ಕಾಣುತ್ತದೆ. ಸೀಟಿನ ಕೆಳಗಿದ್ದ ಹೆಲ್ಮೆಟ್ ಹಾಕಿಸಿ, ಪೇಟವನ್ನು ನನ್ನ ತೊಡೆ ಮೇಲೆ ಇರಿಸಿ, ನಿಧಾನ ಹೋಗಿ ಎಂದು ಕಳಿಸಿದರು.

ಖಾನಾವಳಿಯಲ್ಲಿ ಊಟದ ಹೊತ್ತು, ಆದರೆ ಒಂದೇ ಟೇಬಲ್ಲಿನಲ್ಲಿ ಜನ. ದ್ಯಾಮಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಭಾಗವ್ವನ ಬಟ್ಟೆ ಗಂಟು ಕಟ್ಟಿತ್ತು.

"ಮೇಡಂ ಫೋನ್ ಮಾಡಿದ್ರು ರೀ. ಆಗೂದಿಲ್ಲ ಅಂದ್ರು," ಎಂದ ದ್ಯಾಮಪ್ಪ.

ಕಾಂತರಾಜು ನಿಂತಲ್ಲೇ ಎಲ್ಲ ಹೇಳಿದರು. ಉಗ್ರಾಣ, ಸೀಮೆಸುಣ್ಣ, ಪಾರ್ಕಿನ ಬೆಂಚು, ಏನೊಂದನ್ನೂ ಮುಚ್ಚಲಿಲ್ಲ. ದ್ಯಾಮಪ್ಪ ಕೇಳುತ್ತಾ ಕೇಳುತ್ತಾ ಮುಖ ಬೇರೆ ಕಡೆ ತಿರುಗಿಸಿದ. ಪಾರವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಭಾಗವ್ವ ಒಬ್ಬಳೇ ಮಾತಾಡಿದಳು.

"ಅಲ್ರಿ, ನಮ್ಮ ಸಾಲ್ಯಾಗೂ ಒಂದನೇ ನಂಬರ ಬಂದವ್ರಿಗೇ ಬಹುಮಾನ ಕೊಡ್ತಿದ್ರು. ಇದರಾಗ ಇವರ ತಪ್ಪೇನೈತಿ?"

ಕಾಂತರಾಜು ಆಕೆಯ ಕಡೆ ನೋಡಿ ಕಣ್ಣೊರೆಸಿಕೊಂಡರು. ಆಮೇಲೆ ದ್ಯಾಮಪ್ಪನಿಂದ ನಂಬರ್ ಕೇಳಿ ಫ್ಯಾಕ್ಟರಿಯ ಮೇಡಮ್ಮಿಗೆ ಫೋನು ಮಾಡಿದರು. ಶೈಲಾ ಎಂದು ಅವರ ಹೆಸರು. ಎಲ್ಲರಿಗೂ ಕೇಳಲೆಂದು ನಾನು ಸ್ಪೀಕರ್ ಒತ್ತಿದೆ.

"ನೋಡಿ ಸಾರ್, ನಾಲ್ಕಕ್ಕಿಂತ ಕಮ್ಮಿ ಇದ್ರೆ ನಮ್ಮ ಸಿಸ್ಟಮ್ ತಗೊಳಲ್ಲ. ಇಪ್ಪತ್ತಕ್ಕಿಂತ ಜಾಸ್ತಿ ಜನ ಒಂದೇ ಒಂದು ಸ್ಟಾರ್ ಕೊಟ್ಟಿದಾರೆ," ಎಂದಿತು ಆ ಕಡೆಯ ದನಿ.

"ಕೊಟ್ಟಿದ್ದು ನಾನೊಬ್ಬನೇ ಮೇಡಂ. ಫೋನುಗಳು ಬೇರೆ ಬೇರೆ. ನಾನು ಬರೆದಿರೋದನ್ನ ಓದಿದ್ರಾ?"

"ಅದನ್ನೆಲ್ಲ ಯಾರು ಓದ್ತಾರೆ ಸಾರ್? ಟೈಮ್ ಎಲ್ಲಿದೆ?"

ಆಗ ಪಾರವ್ವ ಕೈಯ ಹಿಟ್ಟು ಉದುರಿಸಿಕೊಂಡು ಹೊರಗೆ ಬಂದಳು. "ಓದ್ರಿ ಅಣ್ಣಾರ. ನಾನೂ ಕೇಳಿಲ್ಲ."

ಕಾಂತರಾಜು ಕನ್ನಡಕ ಹಾಕಿಕೊಂಡರು. ಓದತೊಡಗಿದರು.

"ಹೆಗ್ಗನಹಳ್ಳಿಯಲ್ಲಿ ನೀಲಿ ಶೀಟಿನ ಕೆಳಗೆ ಪಾರವ್ವನವರ ಖಾನಾವಳಿ ಇದೆ. ಇಲ್ಲಿ ರೊಟ್ಟಿ ತಟ್ಟೆಗೆ ಬಂದಾಗ ಇನ್ನೂ ಉಬ್ಬಿರುತ್ತದೆ, ಬೆರಳಿಟ್ಟರೆ ಹಬೆ ಬರುತ್ತದೆ. ಎಣ್ಣೆಗಾಯಿಯೊಳಗೆ ಶೇಂಗಾ, ಗುರೆಳ್ಳು, ಹುಣಸೆ ಮೂರೂ ಇವೆ, ಯಾವುದೂ ಮುಂದೆ ಬಂದು ನಿಲ್ಲುವುದಿಲ್ಲ. ನನಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಎಣಿಸಿ ಬಡಿಸುತ್ತಾರೆ. ಪಾರವ್ವನವರು ಎಣಿಸುವುದಿಲ್ಲ. ತಟ್ಟೆ ನೋಡುವುದಿಲ್ಲ, ಮುಖ ನೋಡಿ ಇನ್ನೊಂದು ರೊಟ್ಟಿ ಹಾಕುತ್ತಾರೆ. ಫ್ಯಾಕ್ಟರಿಯಿಂದ ಸುಸ್ತಾಗಿ ಬರುವ ಹುಡುಗಿಯರಿಗೆ ಕೇಳದೆಯೇ ಮೊಸರು ಹಾಕುವುದನ್ನು ನಾನು ನೋಡಿದ್ದೇನೆ. ಊರು ಬಿಟ್ಟು ಬಂದವರು ಇಲ್ಲಿ ಒಂದು ಹೊತ್ತು ಉಂಡರೆ, ಆ ದಿನದ ಮಟ್ಟಿಗೆ ಊರಿಗೆ ಹೋಗಿ ಬಂದಂತೆ. ನನ್ನ ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಇಂಥ ಮಾಲು ಕಂಡಿಲ್ಲ."

ಊಟ ಮಾಡುತ್ತಿದ್ದ ಇಬ್ಬರು ತುತ್ತು ಕೈಯಲ್ಲೇ ಹಿಡಿದು ಕೂತಿದ್ದರು. ಪಾರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಎಂಟು ತಿಂಗಳು ಹೆಬ್ಬೆಟ್ಟು ಒತ್ತಿದ ನನಗೆ ತಲೆ ಎತ್ತಲಾಗಲಿಲ್ಲ. ಫೋನಿನ ಆ ಕಡೆಯೂ ಸದ್ದಿಲ್ಲ. ಕಟ್ಟಾಯಿತೇನೋ ಎಂದು ನಾನು ಬಗ್ಗಿ ನೋಡಿದೆ.

"ಎಣ್ಣೆಗಾಯಿ..." ಎಂದಿತು ಫೋನು. ದನಿ ಅದೇ, ಆದರೆ ಸಿಸ್ಟಮ್ಮಿನ ಕನ್ನಡ ಎಲ್ಲೋ ಹೋಗಿತ್ತು. "ಎಣ್ಣಿಗಾಯಿ ಇವತ್ತ ಐತೇನ್ರಿ?"

"ಐತಿ ಬಾರವ್ವ," ಎಂದಳು ಪಾರವ್ವ. "ಯಾವ ಊರು ನಿಂದು?"

"ರೋಣ ರೀ, ಗದಗ ಬಾಜೂಕ."

ಅರ್ಧ ಗಂಟೆಯಲ್ಲಿ ಶೈಲಾ ಬಂದರು. ಇಪ್ಪತ್ತೆಂಟು ಮೂವತ್ತರ ಹುಡುಗಿ, ಕೊರಳಲ್ಲಿ ಕಾರ್ಡು. ಮೊದಲ ರೊಟ್ಟಿ ಮುಗಿಸಿದರು, ಎರಡನೆಯದನ್ನೂ ಮುಗಿಸಿದರು. ಮೂರನೆಯದು ಮುಗಿದ ಮೇಲೆ ಕೈ ತೊಳೆದು ಬಂದು, ಸೋಮವಾರದಿಂದ ಇನ್ನೂರು ಊಟ, ಸಿಸ್ಟಮ್ಮಿಗೆ ಏನು ಹೇಳಬೇಕೋ ನಾನು ಹೇಳುತ್ತೇನೆ ಎಂದರು. ಭಾಗವ್ವ ಮೂಲೆಗೆ ಹೋಗಿ ತನ್ನ ಬಟ್ಟೆ ಗಂಟು ಬಿಚ್ಚತೊಡಗಿದಳು.

"ಮೊದ್ಲು ನನ್ನ ಕಡೆಯಿಂದ ಒಂದು ರೇಟಿಂಗ್ ಹಾಕ್ತೀನಿ," ಎಂದು ಶೈಲಾ ಪರ್ಸಿನಿಂದ ಫೋನು ತೆಗೆದರು.

ಕಾಂತರಾಜು ಶಾಲು ಸರಿಪಡಿಸಿಕೊಂಡು, ಕಳೆದುಹೋದ ಗೌರವವೆಲ್ಲ ಒಮ್ಮೆಲೇ ವಾಪಸ್ ಬಂದವರಂತೆ ಕೈ ಚಾಚಿದರು. "ಇಲ್ಲಿ ಕೊಡಿ ಮೇಡಂ. ನಾನು ಒತ್ತಿಕೊಡ್ತೀನಿ."

"ಅಣ್ಣಾರ!" ಪಾರವ್ವನ ದನಿ ಅಷ್ಟು ಜೋರಾಗಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನೀವು ಕೈ ತೊಳ್ಕೊಂಡು ಊಟಕ್ಕ ಕುಂದರ್ರಿ. ಎಷ್ಟು ರೊಟ್ಟಿ ಬೇಕಾದ್ರೂ ತಿನ್ರಿ. ಫೋನ್ ಮಾತ್ರ ಮುಟ್ಟಬ್ಯಾಡ್ರಿ."